ಏಜ್ ಆಫ್ ಎಂಪೈರ್ಸ್ 2ರಲ್ಲಿ ಕೈ ಪಳಗಿದವರು 4ಕ್ಕೆ ಬಂದಾಗ ಏನೇನು ಬಿಡಬೇಕು, ಏನು ಉಳಿಸಿಕೊಳ್ಳಬೇಕು?

ಕುರಿಮಂದೆ ಕೇಳಿದ್ದು:

ಊರು ಕಟ್ಟಿ, ಸೈನ್ಯ ಬೆಳೆಸಿ ಹೋರಾಡುವ ಕಂಪ್ಯೂಟರ್ ಆಟವಾದ ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್‌ನಲ್ಲಿ 21 ಪಾಪ್ ಸ್ಕೌಟ್ಸ್ (ಜನಸಂಖ್ಯೆ 21 ಆದಾಗ ಏಜ್ ಏರಿ ಕುದುರೆ ಸವಾರರಿಂದ ದಾಳಿ), ಆರ್ಚರ್ ರಷ್ (ಬಿಲ್ಲುಗಾರರಿಂದ ಬೇಗ ದಾಳಿ), ಫಾಸ್ಟ್ ಕ್ಯಾಸಲ್ (ಬೇಗ ಮೂರನೇ ಏಜ್ ತಲುಪುವುದು) ಮೂರೂ ಕಣ್ಣು ಮುಚ್ಚಿ ಆಡುವಷ್ಟು ರೂಢಿಯಾಗಿವೆ. ಅದೇ ರೂಢಿಯಲ್ಲಿ 4ನ್ನು ಆಡಿದರೆ ಮೂರು ಕಡೆ ತಾಳೆ ಬೀಳುತ್ತಿಲ್ಲ.

ಒಂದು, ಫ್ಯೂಡಲ್‌ಗೆ (ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್ ಎಂಬ ನಾಲ್ಕು ಏಜ್‌ಗಳಲ್ಲಿ ಎರಡನೆಯದು) ಯಾವಾಗ ಹೋಗಬೇಕು ಅನ್ನುವ ಲೆಕ್ಕ. 2ರಲ್ಲಿ ಇಷ್ಟು ಜನಸಂಖ್ಯೆ ಆದಾಗ ಕ್ಲಿಕ್ ಮಾಡು ಅಂತ ಒಂದು ನಿಶ್ಚಿತ ಸಂಖ್ಯೆ ಇದೆ. 4ರಲ್ಲಿ ಅಂಥ ಸಂಖ್ಯೆ ಯಾರೂ ಹೇಳುವುದಿಲ್ಲ, ಯಾಕೆ?

ಎರಡು, ಬಿಲ್ಲುಗಾರರ ಮೈಕ್ರೋ, ಅಂದರೆ ಯುದ್ಧದಲ್ಲಿ ಅವರನ್ನು ಕೈಯಾರೆ ನಡೆಸುವುದು. ಹಿಂದೆ ಸರಿ, ನಿಲ್ಲು, ಹೊಡೆ, ಮತ್ತೆ ಸರಿ ಅನ್ನುವ ಪಟ್ಟು ಇಲ್ಲಿ ಅಷ್ಟಾಗಿ ಫಲ ಕೊಡುತ್ತಿಲ್ಲ. ಎದುರಾಳಿಯ ಬಾಣ ತಪ್ಪಿಸಿಕೊಳ್ಳಲೂ ಆಗುತ್ತಿಲ್ಲ.

ಮೂರು, ಆಟ ಮುಗಿಯುವ ರೀತಿ. ಸೈನ್ಯ, ವಿಲೇಜರ್‌ಗಳು (ದುಡಿಯುವ, ಕಟ್ಟುವ ಜನ) ಎಲ್ಲಾ ಇದ್ದಾಗಲೇ ಸೋಲು ಅಂತ ತೆರೆಯ ಮೇಲೆ ಬರುತ್ತದೆ.

ತಿಳಿಯಬೇಕಾದದ್ದು ಇಷ್ಟು: 4 ಅಂದರೆ ಸರಳ ಮಾಡಿದ 2 ಆಟವೇ, ಅಥವಾ ಜಾಣ್ಮೆ ಬೇಕಾಗುವ ಜಾಗ ಬೇರೆ ಕಡೆ ಹೋಗಿದೆಯೇ? ಒಬ್ಬರಿಗೊಬ್ಬರ ರ‍್ಯಾಂಡಮ್ ಮ್ಯಾಪ್ ಆಟದ ಬಗ್ಗೆ ಮಾತ್ರ ಹೇಳಿ, ಸಾಧ್ಯವಾದಷ್ಟು ಅಂಕಿ ಸಮೇತ. ಗ್ರಾಫಿಕ್ಸ್ ಹೇಗಿದೆ ಅನ್ನುವ ಚರ್ಚೆ ಬೇಡ.

---

ಮೂರುಟಿಸಿ ಉತ್ತರ:

ಮೊದಲ ಪ್ರಶ್ನೆಗೆ ಸರಿಯಾಗಿ ಉತ್ತರಿಸಬೇಕಾದರೆ ಎರಡೂ ಆಟಗಳ ಗಡಿಯಾರವನ್ನು ಒಂದೇ ಅಳತೆಗೆ ತರಬೇಕು. ಹೆಚ್ಚಿನವರು ಇದನ್ನು ಮಾಡದೆಯೇ ‘4 ವೇಗದ ಆಟ’ ಅನ್ನುತ್ತಾರೆ.

2ರಲ್ಲಿ ವಿಲೇಜರ್ ಹೊರಬರಲು 25 ಸೆಕೆಂಡ್. ಆದರೆ ಅದು ಆಟದೊಳಗಿನ ಸೆಕೆಂಡ್. ರ‍್ಯಾಂಕ್ಡ್ ಆಟ 1.7 ಪಟ್ಟು ವೇಗದಲ್ಲಿ ನಡೆಯುವುದರಿಂದ ಗೋಡೆ ಗಡಿಯಾರದಲ್ಲಿ ಅದು 15 ಸೆಕೆಂಡಿಗೂ ಸ್ವಲ್ಪ ಕಡಿಮೆ. 4ರಲ್ಲಿ ವಿಲೇಜರ್‌ಗೆ 20 ಸೆಕೆಂಡ್, ಇದು ನಿಜವಾದ ಸೆಕೆಂಡ್. ಬೆಲೆ ಎರಡರಲ್ಲೂ 50 ಆಹಾರ. ಅಂದರೆ ಟಿಸಿ (ಟೌನ್ ಸೆಂಟರ್, ವಿಲೇಜರ್ ತಯಾರಾಗುವ ಮುಖ್ಯ ಕಟ್ಟಡ) ನಿಲ್ಲದೆ ಓಡಬೇಕಾದರೆ 2ರಲ್ಲಿ ನಿಮಿಷಕ್ಕೆ ಸುಮಾರು 200 ಆಹಾರ ಬೇಕು, 4ರಲ್ಲಿ 150 ಸಾಕು. ಇಲ್ಲೇ ನೋಡಿ, 4ರ ಆರ್ಥಿಕತೆಯ ಮೊದಲ ಘಟ್ಟ ಹೆಚ್ಚು ಸಾವಧಾನದ್ದು.

ಈಗ ನಿಮ್ಮ 21 ಪಾಪ್ ತೆಗೆದುಕೊಳ್ಳಿ. 3 ವಿಲೇಜರ್, 1 ಸ್ಕೌಟ್‌ನಿಂದ ಶುರು. ಇನ್ನೂ 17 ವಿಲೇಜರ್ ಅಂದರೆ 425 ಸೆಕೆಂಡ್, ಲೂಮ್‌ಗೆ (ವಿಲೇಜರ್‌ಗಳನ್ನು ಗಟ್ಟಿ ಮಾಡುವ ಸಂಶೋಧನೆ) 25, ಒಟ್ಟು 7:30ಕ್ಕೆ ಕ್ಲಿಕ್. ಫ್ಯೂಡಲ್ ಸಂಶೋಧನೆ 130 ಸೆಕೆಂಡ್, ಹಾಗಾಗಿ 9:40ಕ್ಕೆ ತಲುಪುತ್ತೀರಿ. ಇದನ್ನು 1.7ರಿಂದ ಭಾಗಿಸಿದರೆ ನಿಜ ಸಮಯ 5 ನಿಮಿಷ 41 ಸೆಕೆಂಡ್. 4ರಲ್ಲೂ ಫ್ಯೂಡಲ್ ತಲುಪುವುದು ಹೆಚ್ಚುಕಡಿಮೆ ಇದೇ ಹೊತ್ತಿಗೆ, ಕೆಲವು ನಾಗರಿಕತೆಗಳಲ್ಲಿ ಸ್ವಲ್ಪ ಮೊದಲೇ. ವೇಗದಲ್ಲಿ ದೊಡ್ಡ ಅಂತರ ಇಲ್ಲ.

ವ್ಯತ್ಯಾಸ ಇರುವುದು ಆ 130 ಸೆಕೆಂಡಿನಲ್ಲಿ. 2ರಲ್ಲಿ ಏಜ್ ಏರುವ ಕೆಲಸ ಟಿಸಿಯೇ ಮಾಡುವುದರಿಂದ ಅಷ್ಟು ಹೊತ್ತು ವಿಲೇಜರ್ ತಯಾರಿಕೆ ನಿಂತುಹೋಗುತ್ತದೆ. 25ರಿಂದ ಭಾಗಿಸಿ, ಐದು ವಿಲೇಜರ್ ಕಡಿಮೆ. ನೀವು ಒಬ್ಬ ವಿಲೇಜರ್ ಮೊದಲು ಕ್ಲಿಕ್ ಮಾಡಿದರೂ, ನಂತರ ಮಾಡಿದರೂ ಮುಂದಿನ ಐದು ನಿಮಿಷ ಅದರ ಪರಿಣಾಮ ಇರುತ್ತದೆ. ಆದ್ದರಿಂದಲೇ 19 ಪಾಪ್, 21 ಪಾಪ್, 23 ಪಾಪ್ ಅಂತ ಹೆಸರಿಟ್ಟ ಬಿಲ್ಡ್ ಆರ್ಡರ್‌ಗಳು (ಶುರುವಿನ ಹೆಜ್ಜೆಗಳ ಕ್ರಮ) ಅಲ್ಲಿ ಹುಟ್ಟಿಕೊಂಡವು.

4ರಲ್ಲಿ ಏಜ್ ಏರುವುದು ಲ್ಯಾಂಡ್‌ಮಾರ್ಕ್ ಕಟ್ಟಡ ಕಟ್ಟುವ ಮೂಲಕ. ಫ್ಯೂಡಲ್‌ಗೆ 400 ಆಹಾರ, 200 ಚಿನ್ನ. ಕ್ಯಾಸಲ್‌ಗೆ 1200 ಮತ್ತು 600, ಇಂಪೀರಿಯಲ್‌ಗೆ 2400 ಮತ್ತು 1200. 2ರ 500 ಆಹಾರ, 800 ಆಹಾರ 200 ಚಿನ್ನ, 1000 ಆಹಾರ 800 ಚಿನ್ನಕ್ಕೆ ಹೋಲಿಸಿ. ಮೊದಲ ಮೆಟ್ಟಿಲು ಒಟ್ಟಿನಲ್ಲಿ ಸ್ವಲ್ಪವೇ ಹೆಚ್ಚು, ಮೇಲಿನ ಎರಡು ತುಂಬಾ ದುಬಾರಿ. ಕಟ್ಟುವವರು ವಿಲೇಜರ್‌ಗಳಾದ್ದರಿಂದ ಟಿಸಿ ತನ್ನ ಪಾಡಿಗೆ ವಿಲೇಜರ್ ತಯಾರಿಸುತ್ತಲೇ ಇರುತ್ತದೆ, ಇರಲೇಬೇಕು. ನಷ್ಟ ಬರುವುದು ಬೇರೆ ಕಡೆ: ಕಟ್ಟಲು ನಾಲ್ಕು ಜನರನ್ನು ಕಳಿಸಿದರೆ ಆ ನಾಲ್ವರ ಸಂಗ್ರಹ ನಿಲ್ಲುತ್ತದೆ. ಎಂಟು ಜನ ಹಾಕಿದರೆ ಬೇಗ ಮುಗಿಯುತ್ತದೆ, ಆದರೆ ಅಷ್ಟು ಹೊತ್ತು ಆಹಾರ ಬರುವುದು ಕಡಿಮೆಯಾಗಿ ಟಿಸಿಯೇ ನಿಲ್ಲುವ ಸ್ಥಿತಿ ಬರಬಹುದು. ಹಾಗಾಗಿ 4ರಲ್ಲಿ ‘ಎಷ್ಟು ಜನ ಆದಾಗ’ ಅನ್ನುವುದಕ್ಕಿಂತ ‘ಚಿನ್ನ 200 ಆದ ಕ್ಷಣಕ್ಕೆ ಯಾರನ್ನು ಕಳಿಸಲಿ’ ಅನ್ನುವುದು ಮುಖ್ಯ. ಸಾಮಾನ್ಯವಾಗಿ ಚಿನ್ನ ತೆಗೆಯುತ್ತಿದ್ದವರನ್ನೇ ಕಳಿಸುವುದು ಸರಿ, ಯಾಕೆಂದರೆ ಅವರ ಕೆಲಸ ಆಗಲೇ ಮುಗಿದಿರುತ್ತದೆ. ಅಬ್ಬಾಸಿದ್‌ಗಳು ಇದಕ್ಕೆ ಹೊರತು. ಅವರು ಹೌಸ್ ಆಫ್ ವಿಸ್ಡಮ್ ಒಂದನ್ನೇ ಕಟ್ಟಿ, ಅದಕ್ಕೆ ರೆಕ್ಕೆಗಳನ್ನು ಸೇರಿಸುತ್ತಾ ಏಜ್ ಏರುತ್ತಾರೆ.

ಉಳಿದ ಸಣ್ಣ ಲೆಕ್ಕಗಳು: ಮನೆ 2ರಲ್ಲಿ 25 ಮರಕ್ಕೆ 5 ಜನ, 4ರಲ್ಲಿ 50 ಮರಕ್ಕೆ 10 ಜನ. ತಲೆಗೆ ಬೀಳುವ ಮರ ಒಂದೇ, ನೆನಪಿಡಬೇಕಾದ ಸಲ ಮಾತ್ರ ಅರ್ಧ. ಮಿಲ್, ಲಂಬರ್ ಕ್ಯಾಂಪ್ (ಆಹಾರ, ಮರ ತಂದಿಳಿಸುವ ಕಟ್ಟಡಗಳು) ಅಲ್ಲಿ 100 ಮರ, ಇಲ್ಲಿ 50. ಇದು ಚಿಕ್ಕ ವಿಷಯದಂತೆ ಕಂಡರೂ ಪರಿಣಾಮ ದೊಡ್ಡದು. 4ರಲ್ಲಿ ಮರದ ಅಂಚು ಹಿಂದೆ ಸರಿದಂತೆ ಎರಡನೇ, ಮೂರನೇ ಕ್ಯಾಂಪ್ ಹಾಕಲು ಹಿಂಜರಿಯಬಾರದು. 2ರಿಂದ ಬಂದವರು ಹಳೇ ಕ್ಯಾಂಪಿಗೇ ಅಂಟಿಕೊಂಡು ವಿಲೇಜರ್‌ಗಳನ್ನು ದೂರ ನಡೆಸುವುದು ಬಹಳ ಕಡೆ ಕಾಣುತ್ತದೆ.

ಹೊಲ ಇನ್ನೂ ಮುಖ್ಯ. 2ರ ಹೊಲ 60 ಮರಕ್ಕೆ 175 ಆಹಾರ ಕೊಟ್ಟು ಬರಿದಾಗುತ್ತದೆ, ಹಾರ್ಸ್ ಕಾಲರ್ ಸಂಶೋಧನೆ ಆದರೆ ಇನ್ನೂ 75 ಸೇರುತ್ತದೆ. ಮತ್ತೆ ಬಿತ್ತಲು ಮತ್ತೆ 60 ಮರ. ಅಂದರೆ ಆಟದ ಕೊನೆಯವರೆಗೂ ಮರ ಆಹಾರವಾಗಿ ಕರಗುತ್ತಿರುತ್ತದೆ. 4ರ ಹೊಲ 75 ಮರ, ಒಮ್ಮೆ ಹಾಕಿದರೆ ಮುಗಿಯಿತು, ಅದು ಬರಿದಾಗುವುದೇ ಇಲ್ಲ. ಹಾಗಾಗಿ ಹೊಲಕ್ಕೆ ಬದಲಾಗುವ ಹೊತ್ತಿನಲ್ಲಿ ಒಮ್ಮೆ ಮರದ ಬರ ಬರುತ್ತದೆ, ಅದು ದಾಟಿದರೆ ಮರ ಹೆಚ್ಚಾಗಿ ಉಳಿಯಲು ಶುರುವಾಗುತ್ತದೆ. ಆಗ ಮರದಿಂದ ಜನ ತೆಗೆದು ಚಿನ್ನಕ್ಕೆ ಹಾಕದಿದ್ದರೆ ಕ್ಯಾಸಲ್‌ಗೆ ಬೇಕಾದ 600 ಕೂಡುವುದೇ ಇಲ್ಲ.

ಕೊನೆಯದು ಎರಡನೇ ಟಿಸಿ. 2ರಲ್ಲಿ ಅದು ಸಾಮಾನ್ಯವಾಗಿ ಕ್ಯಾಸಲ್ ಏಜ್‌ಗೆ ಸಿಗುತ್ತದೆ, 275 ಮರ 100 ಕಲ್ಲು, ಶುರುವಿನ 200 ಕಲ್ಲಲ್ಲೇ ಆಗುತ್ತದೆ. 4ರಲ್ಲಿ ಫ್ಯೂಡಲ್‌ನಲ್ಲೇ ಕಟ್ಟಬಹುದು, ಆದರೆ ಅದಕ್ಕೆ ಕಲ್ಲನ್ನು ಪ್ರತ್ಯೇಕವಾಗಿ ತೆಗೆಯಬೇಕು. ಹಾಗಾಗಿ ಫ್ಯೂಡಲ್ ತಲುಪಿದ ಕೂಡಲೇ ಮೂರು ದಾರಿ: ದಾಳಿ, ಎರಡನೇ ಟಿಸಿ, ನೇರ ಕ್ಯಾಸಲ್. ಎದುರಾಳಿ ಯಾವ ದಾರಿ ಹಿಡಿದ ಅಂತ ಸ್ಕೌಟ್ ನೋಡಿ ಬರದೆ ಇದನ್ನು ನಿರ್ಧರಿಸಿದರೆ ಅದು ಬರೀ ಜೂಜು. ಅವನು ಕಲ್ಲಿನ ಮೇಲೆ ಜನ ಹಾಕಿದ್ದಾನೆಯೇ ಅಂತ ಮೊದಲು ನೋಡಿ. ಕಲ್ಲಿನ ಮೇಲೆ ಜನ ಇದ್ದರೆ ಟಿಸಿ ಬರುತ್ತಿದೆ.

ಪ್ಯಾಚ್ ಬಂದಂತೆ ಕೆಲವು ಬೆಲೆಗಳು ಆಚೀಚೆ ಆಗುತ್ತವೆ, ಆಟದೊಳಗಿನ ಟೂಲ್‌ಟಿಪ್ ಹೇಳುವುದೇ ಅಂತಿಮ.

---

ಬಿಲ್ಲಾಳು ಉತ್ತರ:

ಎರಡನೇ ಪ್ರಶ್ನೆಗೆ.

2ರಲ್ಲಿ ಬಾಣ ಒಂದು ವಸ್ತು. ಬಿಟ್ಟ ಕ್ಷಣದಲ್ಲಿ ಗುರಿ ಎಲ್ಲಿತ್ತೋ ಅಲ್ಲಿಗೆ ಹೋಗುತ್ತದೆ. ಗುರಿ ಅಡ್ಡಕ್ಕೆ ಓಡಿದರೆ ನೆಲಕ್ಕೆ ಬೀಳುತ್ತದೆ. ಯೂನಿವರ್ಸಿಟಿಯಲ್ಲಿ 300 ಮರ, 175 ಚಿನ್ನ ಕೊಟ್ಟು ಬ್ಯಾಲಿಸ್ಟಿಕ್ಸ್ ಸಂಶೋಧಿಸಿದ ಮೇಲೆ ಮಾತ್ರ ಗುರಿ ಮುಂದೆ ಎಲ್ಲಿರುತ್ತದೆ ಅಂತ ಅಂದಾಜಿಸಿ ಬಾಣ ಹೋಗುತ್ತದೆ. ಆಗಲೂ ಓಡುವ ದಿಕ್ಕು ತಟ್ಟನೆ ಬದಲಿಸಿದರೆ ತಪ್ಪಿಸಿಕೊಳ್ಳಬಹುದು. ನಿಮ್ಮ ಕೈಗೆ ರೂಢಿಯಾದ ಮೈಕ್ರೋದ ಅರ್ಧ ಭಾಗ ನಿಂತಿರುವುದು ಈ ಒಂದು ಗುಣದ ಮೇಲೆ. 4ರಲ್ಲಿ ಬಾಣ ಗುರಿಯನ್ನು ಬೆನ್ನಟ್ಟುತ್ತದೆ. ಬಿಟ್ಟ ಮೇಲೆ ತಾಗುವುದು ಖಚಿತ. ಹಾಗಾಗಿ ಅಡ್ಡಾಡುವುದರಿಂದ ಏನೂ ಸಿಗದು. ಮ್ಯಾಂಗೊನೆಲ್ (ಕಲ್ಲೆಸೆಯುವ ಯಂತ್ರ) ಮಾತ್ರ ಬೇರೆ. ಅದರ ಕಲ್ಲು ನೆಲದ ಮೇಲೆ ಬೀಳುವಂಥದ್ದು, ಆದ್ದರಿಂದ ಗುಂಪನ್ನು ಇಬ್ಭಾಗ ಮಾಡಿ ಚದುರಿಸುವ ಅಭ್ಯಾಸ ಇಲ್ಲೂ ಇಟ್ಟುಕೊಳ್ಳಿ.

ಎತ್ತರದ ನೆಲವೂ ಹಾಗೇ. 2ರಲ್ಲಿ ಗುಡ್ಡದ ಮೇಲಿಂದ ಹೊಡೆದರೆ ಶೇಕಡಾ 25 ಹೆಚ್ಚು ಪೆಟ್ಟು, ಕೆಳಗಿನಿಂದ ಶೇಕಡಾ 25 ಕಡಿಮೆ. ಇಬ್ಬರ ನಡುವಿನ ಅಂತರ ಲೆಕ್ಕ ಹಾಕಿದರೆ ಒಂದೇ ಸಂಖ್ಯೆಯ ಎರಡು ಗುಂಪುಗಳಲ್ಲಿ ಗುಡ್ಡದ್ದು ಏಕಪಕ್ಷೀಯವಾಗಿ ಗೆಲ್ಲುತ್ತದೆ. 4ರಲ್ಲಿ ಎತ್ತರದಿಂದ ಸಿಗುವುದು ನೋಟ. ಕೆಳಗಿದ್ದವನಿಗೆ ಮೇಲೇನಿದೆ ಅಂತ ಕಾಣುವುದಿಲ್ಲ. ಇದರ ಜೊತೆಗೆ ಒಳಹೊಕ್ಕು ಅಡಗಬಹುದಾದ ಸ್ಟೆಲ್ತ್ ಫಾರೆಸ್ಟ್‌ಗಳಿವೆ. ಸೈನ್ಯದ ಮುಂದೆ ಒಂದು ಸ್ಕೌಟ್ ಅಥವಾ ಒಂದು ಕುದುರೆ ನಡೆಯದಿದ್ದರೆ ಕಾಡಿನ ಅಂಚಿನಲ್ಲಿ ಹೊಂಚುಹಾಕಿದ ಗುಂಪಿಗೆ ಸಿಕ್ಕಿಬೀಳುತ್ತೀರಿ.

ಹಾಗಾದರೆ ಕೈಗೆ ಕೆಲಸ ಎಲ್ಲಿ? ಯಾವ ದಳ ಯಾವುದನ್ನು ಹೊಡೆಯುತ್ತಿದೆ ಅನ್ನುವುದರಲ್ಲಿ. ಫ್ಯೂಡಲ್‌ನ ಮೂರು ದಳ ನೋಡಿ:

ಸ್ಪಿಯರ್‌ಮನ್ 60 ಆಹಾರ 20 ಮರ, ಆರ್ಚರ್ 30 ಆಹಾರ 50 ಮರ, ಹಾರ್ಸ್‌ಮನ್ 100 ಆಹಾರ 20 ಮರ. ಸ್ಪಿಯರ್ ಕುದುರೆಯನ್ನು ಮುಗಿಸುತ್ತದೆ, ಆರ್ಚರ್ ಸ್ಪಿಯರನ್ನು, ಹಾರ್ಸ್‌ಮನ್ ಆರ್ಚರನ್ನು. ಮೂರಕ್ಕೂ ಚಿನ್ನ ಬೇಡ ಅನ್ನುವುದನ್ನು ಗಮನಿಸಿ. 2ರಲ್ಲಿ ಆರ್ಚರ್‌ಗೆ 25 ಮರ 45 ಚಿನ್ನ, ಆದ್ದರಿಂದ ಫ್ಯೂಡಲ್‌ನಲ್ಲಿ ಬಿಲ್ಲುಗಾರರನ್ನು ಹೆಚ್ಚಿಸಿದರೆ ಕ್ಯಾಸಲ್ ತಡವಾಗುತ್ತದೆ. 4ರಲ್ಲಿ ಆ ಚಿನ್ನ ಅಷ್ಟೂ ಏಜ್ ಏರಲು, ನೈಟ್‌ಗಳಿಗೆ, ಸಂಶೋಧನೆಗೆ ಉಳಿಯುತ್ತದೆ. ಹಾಗಾಗಿ ಒಂದೇ ದಳವನ್ನು ಗುಡ್ಡೆ ಹಾಕುವುದು ಇಲ್ಲಿ ನಡೆಯದು. ಬರೀ ಆರ್ಚರ್ ಮಾಡಿದರೆ ಹಾರ್ಸ್‌ಮನ್ ಬರುತ್ತದೆ, ಅಷ್ಟೇ. ನಿಮ್ಮ ಆರ್ಚರ್ ಮೈಕ್ರೋ ಫಲ ಕೊಡದಿರಲು ನಿಜವಾದ ಕಾರಣವೂ ಇದೇ. ಬಿಲ್ಲಿನ ಹಿಂದೆ ಆರು ಸ್ಪಿಯರ್ ನಿಲ್ಲಿಸಿ, ಹಾರ್ಸ್‌ಮನ್ ಬಂದ ಕೂಡಲೇ ಬಿಲ್ಲಿನವರನ್ನು ಸ್ಪಿಯರ್‌ಗಳ ಸಾಲು ದಾಟಿಸಿ ಹಿಂದಕ್ಕೆ ತನ್ನಿ. ಅದೇ ಇಲ್ಲಿನ ಮೈಕ್ರೋ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಫ್ರೆಂಚರು ಫ್ಯೂಡಲ್‌ನಲ್ಲೇ ರಾಯಲ್ ನೈಟ್ ತರುತ್ತಾರೆ, ಒಂದಕ್ಕೆ 140 ಆಹಾರ 100 ಚಿನ್ನ. ನಾಲ್ಕು ನೈಟ್ ಅಂದರೆ 560 ಆಹಾರ, 400 ಚಿನ್ನ. ಅವು ನಿಮ್ಮ ಚಿನ್ನದ ಗಣಿಗೆ ನುಗ್ಗುತ್ತವೆ. ನಿಮ್ಮಲ್ಲಿ ಆರು ಸ್ಪಿಯರ್, 360 ಆಹಾರ 120 ಮರ. ಬೆಲೆಯಲ್ಲಿ ನೀವು ಅರ್ಧ, ಆದರೂ ತಡೆಯಬಹುದು. ತಪ್ಪಾಗುವುದು ಹೀಗೆ: ಸ್ಪಿಯರ್‌ಗಳಿಗೆ ನೈಟ್ ಮೇಲೆ ದಾಳಿ ಅಂತ ಆದೇಶ ಕೊಟ್ಟು ಬಿಟ್ಟುಬಿಡುವುದು. ಕುದುರೆಯನ್ನು ಕಾಲಾಳು ಹಿಡಿಯಲಾರ. ನೈಟ್‌ಗಳು ದೂರ ಓಡಿ ತಿರುಗಿ ವೇಗವಾಗಿ ಬಂದಾಗ ಮೊದಲ ಹೊಡೆತಕ್ಕೆ ಚಾರ್ಜ್‌ನ ಹೆಚ್ಚುವರಿ ಪೆಟ್ಟು ಇರುತ್ತದೆ. ಸ್ಪಿಯರ್ ನಿಂತ ಜಾಗದಲ್ಲಿ ಈಟಿ ಚಾಚಿ ಬ್ರೇಸ್ ಆದರೆ ಆ ಚಾರ್ಜ್ ಮುರಿಯುತ್ತದೆ. ಬೆನ್ನಟ್ಟಿ ಓಡುತ್ತಿದ್ದರೆ ಆ ಲಾಭ ಹೋಯಿತು. ಆದ್ದರಿಂದ ಮೂರು ಸ್ಪಿಯರ್ ಚಿನ್ನದ ಕ್ಯಾಂಪಿನ ಬಳಿ, ಮೂರು ಮರದ ಕ್ಯಾಂಪಿನ ಬಳಿ. ನೈಟ್ ಕಂಡ ಕೂಡಲೇ ವಿಲೇಜರ್‌ಗಳು ಸ್ಪಿಯರ್‌ಗಳ ಬೆನ್ನ ಹಿಂದೆ ಅಥವಾ ಔಟ್‌ಪೋಸ್ಟ್ (ಕಾವಲು ಗೋಪುರ) ಒಳಗೆ. ಆರ್ಚರ್‌ಗಳನ್ನು ಈ ನೈಟ್‌ಗಳ ಮೇಲೆ ಖರ್ಚು ಮಾಡಬೇಡಿ, ಭಾರಿ ಕವಚದ ಮೇಲೆ ಅವರ ಬಾಣ ಕೆಲಸ ಮಾಡದು. ಅದಕ್ಕೆ ಕ್ಯಾಸಲ್ ಏಜ್‌ನ ಕ್ರಾಸ್‌ಬೋ ಬೇಕು.

2ರಲ್ಲಿ ನೈಟ್ ಬರುವುದು ಕ್ಯಾಸಲ್‌ಗೆ, 60 ಆಹಾರ 75 ಚಿನ್ನಕ್ಕೆ, 100 ಜೀವ. ಅಲ್ಲಿ ಸ್ಪಿಯರ್‌ಮನ್ 35 ಆಹಾರ 25 ಮರ, ಕುದುರೆ ಮೇಲೆ 15 ಹೆಚ್ಚುವರಿ ಪೆಟ್ಟು. ತತ್ವ ಒಂದೇ. ಆದರೆ 4ರಲ್ಲಿ ಆ ಪರೀಕ್ಷೆ ಆರು–ಏಳು ನಿಮಿಷಕ್ಕೇ ಎದುರಾಗುತ್ತದೆ.

---

ಕೋಟೆಬಾಗಿಲು ಉತ್ತರ:

ಮೇಲಿನ ಇಬ್ಬರ ಅಂಕಿಗಳೂ ಸರಿ. ಆದರೆ ‘ಜಾಣ್ಮೆ ಬೇರೆ ಕಡೆ ಹೋಗಿದೆ’ ಅನ್ನುವಾಗ ಕಳೆದುಹೋದದ್ದನ್ನೂ ಹೇಳಬೇಕಲ್ಲ.

2ರಲ್ಲಿ ನಕ್ಷೆಯೇ ಒಂದು ಉಪಕರಣ. 340 ಆಹಾರದ ಕಾಡುಹಂದಿಯನ್ನು ಒಬ್ಬ ವಿಲೇಜರ್ ಕೆಣಕಿ ಟಿಸಿ ಬುಡಕ್ಕೆ ಎಳೆದು ತರುವುದು, 140 ಆಹಾರದ ಜಿಂಕೆಯನ್ನು ಸ್ಕೌಟ್‌ನಿಂದ ಒಂದೊಂದೇ ಹೆಜ್ಜೆ ತಳ್ಳಿಕೊಂಡು ಬರುವುದು, ಓಡುವ ವಿಲೇಜರ್‌ನ ಸುತ್ತ ಬೇಲಿಯ ಅಡಿಪಾಯ ಹಾಕಿ ಸ್ಕೌಟ್‌ಗಳನ್ನು ಹೊರಗಿಡುವುದು, ಮನೆಗಳನ್ನೇ ಗೋಡೆಯಾಗಿ ಜೋಡಿಸುವುದು. ಇವೆಲ್ಲ ಮೊದಲ ಹತ್ತು ನಿಮಿಷದಲ್ಲೇ ಆಟಗಾರ ಆಟಗಾರನ ನಡುವೆ ಅಂತರ ಮಾಡುತ್ತವೆ. ಮುಂದೆ ಓನೇಜರ್ ಎಂಬ ಕಲ್ಲೆಸೆಯುವ ಯಂತ್ರದಿಂದ ಕಾಡನ್ನೇ ಕಡಿದು ಯಾರೂ ಎಣಿಸದ ದಿಕ್ಕಿನಿಂದ ದಾರಿ ಮಾಡಬಹುದು. 4ರಲ್ಲಿ ಜಿಂಕೆಗೆ ಪ್ರೊಫೆಷನಲ್ ಸ್ಕೌಟ್ಸ್ ಅನ್ನುವ ಸಂಶೋಧನೆ ಇದೆ, ಸ್ಕೌಟ್ ಕೊಂದು ಹೊತ್ತು ತರುತ್ತದೆ. ಅನುಕೂಲವೇನೋ ಹೌದು, ಆದರೆ ಕೈಚಳಕದಿಂದ ಆಗುತ್ತಿದ್ದ ಕೆಲಸ ಅಲ್ಲಿ ಒಂದು ಬಟನ್ ಆಯಿತು.

ಸನ್ಯಾಸಿಗಳ ವಿಷಯ ಇನ್ನೂ ಸ್ಪಷ್ಟ. 2ರ ಮಾಂಕ್ 100 ಚಿನ್ನ, ದೂರದಿಂದ ಒಂದು ನೈಟ್‌ನ್ನು ಆರಿಸಿ ಪಕ್ಷ ಬದಲಿಸುತ್ತಾನೆ. ನಾಲ್ಕು ನೈಟ್ ಬರುವಾಗ ನಾಲ್ಕು ಮಾಂಕ್‌ಗಳಿಗೆ ಬೇರೆ ಬೇರೆ ಗುರಿ ಕೊಡುವುದು, ಎದುರಾಳಿ ಅದೇ ಹೊತ್ತಿಗೆ ಒಬ್ಬ ಮಾಂಕ್‌ನನ್ನು ಗುರಿ ಮಾಡಿ ಲೈಟ್ ಕ್ಯಾವಲ್ರಿ ಕಳಿಸುವುದು, ಇದೊಂದು ಪೂರ್ತಿ ದ್ವಂದ್ವಯುದ್ಧ. 4ರಲ್ಲಿ ಮತಾಂತರ ಮಾಡಬೇಕಾದರೆ ಸನ್ಯಾಸಿಯ ಕೈಯಲ್ಲಿ ರೆಲಿಕ್ (ನಕ್ಷೆಯಲ್ಲಿ ಸಿಗುವ ಪವಿತ್ರ ವಸ್ತು) ಇರಬೇಕು, ಆಗ ಸುತ್ತಲಿನವರೆಲ್ಲ ಒಟ್ಟಿಗೆ ಬದಲಾಗುತ್ತಾರೆ. ಹಾಗಾಗಿ ಅದು ಅಪರೂಪದ ಘಟನೆ, ದಿನನಿತ್ಯದ ಪಟ್ಟು ಅಲ್ಲ.

ಇನ್ನೊಂದು, ಚಿನ್ನ ಮುಗಿಯುವುದು. 2ರಲ್ಲಿ ಒಬ್ಬರಿಗೊಬ್ಬರ ಆಟದಲ್ಲಿ ಮಿತ್ರರ ಮಾರುಕಟ್ಟೆ ಇರುವುದಿಲ್ಲವಾದ್ದರಿಂದ ವ್ಯಾಪಾರ ಇಲ್ಲ. ಗಣಿ ಖಾಲಿಯಾದ ಮೇಲೆ ಉಳಿಯುವುದು ನಿಮಿಷಕ್ಕೆ 30 ಚಿನ್ನ ಕೊಡುವ ರೆಲಿಕ್ ಮತ್ತು ಮಾರ್ಕೆಟ್‌ನಲ್ಲಿ ಮಾರಾಟ. ಆಮೇಲೆ ಹ್ಯಾಲ್ಬರ್ಡಿಯರ್, ಸ್ಕರ್ಮಿಷರ್, ಹುಸಾರ್‌ಗಳ ಟ್ರ್ಯಾಶ್ ಯುದ್ಧ, ಅಂದರೆ ಚಿನ್ನ ಬೇಡದ ದಳಗಳ ಯುದ್ಧ. ಒಂದು ಗಂಟೆ ಹಿಂದೆ ಉಳಿಸಿದ 300 ಚಿನ್ನ ಆಟವನ್ನೇ ತಿರುಗಿಸುವ ಹಂತ ಅದು. 4ರ ನಕ್ಷೆಗಳಲ್ಲಿ ತಟಸ್ಥ ಟ್ರೇಡ್ ಪೋಸ್ಟ್‌ಗಳಿವೆ, ಸೇಕ್ರೆಡ್ ಸೈಟ್‌ಗಳಿವೆ, ಚಿನ್ನ ಬರುತ್ತಲೇ ಇರುತ್ತದೆ. ಆ ಬರಗಾಲದ ಆಟ ಅಲ್ಲಿ ಇಲ್ಲ.

1999ರ ಆಟ, ಮರುವರ್ಷದ ಕಾಂಕರರ್ಸ್ ವಿಸ್ತರಣೆ, 2019ರ ಡೆಫಿನಿಟಿವ್ ಎಡಿಷನ್ ಅಂತ ಇಷ್ಟು ವರ್ಷ ಜನ ಬಿಡದೆ ಆಡುತ್ತಿರುವುದು ಹಳೆಯ ನೆನಪಿಗಾಗಿ ಅಲ್ಲ. 13 ನಾಗರಿಕತೆಗಳಿಂದ ಶುರುವಾಗಿ ಡೆಫಿನಿಟಿವ್ ಬಿಡುಗಡೆಯಾದಾಗ 35 ಆಗಿತ್ತು. ಅಷ್ಟೂ ನಾಗರಿಕತೆಗಳಿಗೆ ಟೆಕ್ ಟ್ರೀ (ಸಂಶೋಧನೆ, ದಳಗಳ ಪಟ್ಟಿ) ಬಹುಪಾಲು ಒಂದೇ. ಒಂದನ್ನು ಕಲಿತರೆ ಉಳಿದದ್ದರಲ್ಲಿ ನೆನಪಿಡಬೇಕಾದದ್ದು ಯಾವ ಸಂಶೋಧನೆ ಇಲ್ಲ, ಯಾವ ಬೋನಸ್ ಇದೆ ಅನ್ನುವುದಷ್ಟೆ. ಅದರಿಂದ ಆಟಗಾರನ ಗಮನ ಎದುರಾಳಿಯ ಮೇಲೆ ಇರುತ್ತದೆ, ವಿವರಣೆ ಓದುವುದರ ಮೇಲೆ ಅಲ್ಲ.

ನನ್ನ ಮಾತಲ್ಲಿ ಹೇಳುವುದಾದರೆ 4 ಒಳ್ಳೆಯ ಆಟ, ಆದರೆ 2ರ ಜಾಗಕ್ಕೆ ಬರುವ ಆಟ ಅಲ್ಲ.

---

ಬಿಲ್ಲಾಳು:

ಕೋಟೆಬಾಗಿಲು ಅವರೇ, ಟ್ರ್ಯಾಶ್ ಯುದ್ಧದ ವಿಷಯ ಒಪ್ಪಿದೆ, 4ರಲ್ಲಿ ಅದಕ್ಕೆ ಸಮನಾದದ್ದು ಇಲ್ಲ. ಆದರೆ ಕೋಟೆ ಮುತ್ತಿಗೆ 4ರಲ್ಲೇ ಚೆನ್ನಾಗಿದೆ. 2ರಲ್ಲಿ ನೈಟ್ ಕತ್ತಿಯಿಂದ ಕಲ್ಲುಗೋಡೆ ಕಡಿಯಬಹುದು. 4ರಲ್ಲಿ ಕಲ್ಲುಗೋಡೆಗೆ ಮುತ್ತಿಗೆ ಯಂತ್ರವೇ ಬೇಕು, ಬಿಲ್ಲುಗಾರರು ಗೋಡೆಯ ಮೇಲೆ ಹತ್ತಿ ನಿಂತು ಹೊಡೆಯಬಹುದು, ದಾಳಿ ಮಾಡುವವರು ಸೀಜ್ ಟವರ್‌ನಿಂದ ಅದೇ ಗೋಡೆ ಹತ್ತಬಹುದು. ಸೀಜ್ ಇಂಜಿನಿಯರಿಂಗ್ ಸಂಶೋಧನೆ ಆಗಿದ್ದರೆ ಕಾಲಾಳುಗಳೇ ಎದುರಾಳಿಯ ಬಾಗಿಲಲ್ಲಿ ನಿಂತು ಕಟ್ಟಡ ಒಡೆಯುವ ದಿಮ್ಮಿ ಯಂತ್ರವಾದ ರ‍್ಯಾಮ್ ಕಟ್ಟುತ್ತಾರೆ. ಹೀಗೆ ಮಾಡುವಾಗ ಒಂದು ಎಚ್ಚರಿಕೆ: ಕಟ್ಟುತ್ತಿರುವ ಕಾಲಾಳು ಹೊಡೆದಾಡುವುದಿಲ್ಲ. ಎಲ್ಲರನ್ನೂ ಹಚ್ಚಬೇಡಿ, ಅರ್ಧ ಜನ ಕಾವಲಿರಲಿ.

---

ಕುರಿಮಂದೆ:

ಎಲ್ಲರಿಗೂ ಧನ್ಯವಾದ, ಗಡಿಯಾರದ ಲೆಕ್ಕ ಬಹಳ ಉಪಯೋಗಕ್ಕೆ ಬಂತು. ಮೂರನೇ ಪ್ರಶ್ನೆ ಉಳಿದಿದೆ, ಆಟ ಹೇಗೆ ಮುಗಿಯುತ್ತದೆ ಅಂತ. ಜೊತೆಗೆ ಇನ್ನೆರಡು: 2ರಿಂದ ಬರುವವರಿಗೆ ಯಾವ ನಾಗರಿಕತೆ ಮೊದಲು ಸರಿ? 2 ಸರಾಗವಾಗಿ ಓಡುವ ಲ್ಯಾಪ್‌ಟಾಪ್‌ನಲ್ಲಿ 4 ಓಡುತ್ತದೆಯೇ?

---

ಹಳೇಸ್ಕೌಟ್ ಉತ್ತರ:

ಲ್ಯಾಪ್‌ಟಾಪ್ ವಿಷಯ ಮೊದಲು. 2 ಡೆಫಿನಿಟಿವ್‌ಗೆ ಕನಿಷ್ಠ 4 ಜಿಬಿ ರ‍್ಯಾಮ್. 4ಕ್ಕೆ ಕನಿಷ್ಠ 8 ಜಿಬಿ, ಇಂಟೆಲ್ ಐ5-6300ಯು ದರ್ಜೆಯ ಪ್ರೊಸೆಸರ್, ಇಂಟೆಲ್ ಎಚ್‌ಡಿ 520 ಗ್ರಾಫಿಕ್ಸ್, 50 ಜಿಬಿ ಜಾಗ. ಪ್ರೊಸೆಸರ್‌ಗೆ ಎವಿಎಕ್ಸ್ ಸೌಲಭ್ಯ ಇರಲೇಬೇಕು, ಇಲ್ಲದಿದ್ದರೆ ರ‍್ಯಾಮ್ ಎಷ್ಟಿದ್ದರೂ ಪ್ರಯೋಜನವಿಲ್ಲ. ಶಿಫಾರಸು ಮಾಡಿದ್ದು 16 ಜಿಬಿ ರ‍್ಯಾಮ್, ಜಿಟಿಎಕ್ಸ್ 970 ಅಥವಾ ಆರ್‌ಎಕ್ಸ್ 570 ದರ್ಜೆಯ ಕಾರ್ಡ್. ಕನಿಷ್ಠದಲ್ಲಿ ಆಡುವವರು ಗ್ರಾಫಿಕ್ಸ್ ಎಲ್ಲಾ ಕೆಳಗಿಳಿಸಿ, ಒಬ್ಬರಿಗೊಬ್ಬರ ಆಟಕ್ಕೇ ನಿಲ್ಲಿ. ನಾಲ್ವರಿಗೆ ನಾಲ್ವರ ಆಟದಲ್ಲಿ 200ರ ಎಂಟು ಸೈನ್ಯ ಸೇರಿದಾಗಲೇ ನಿಜವಾದ ಹೊರೆ ಬೀಳುವುದು.

ಇನ್ನು ಆಟ ಮುಗಿಯುವ ದಾರಿಗಳು. ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೂರು.

ಲ್ಯಾಂಡ್‌ಮಾರ್ಕ್: ಶುರುವಿನ ಟಿಸಿ ಸೇರಿ ನಿಮ್ಮ ಎಲ್ಲ ಲ್ಯಾಂಡ್‌ಮಾರ್ಕ್‌ಗಳು ಉರುಳಿದರೆ ಸೋಲು, ಸೈನ್ಯ ಎಷ್ಟಿದ್ದರೂ ಸರಿ. ನಿಮಗೆ ಆಗುತ್ತಿರುವುದು ಬಹುಶಃ ಇದೇ. 2ರ ಅಭ್ಯಾಸದಲ್ಲಿ ಎದುರಾಳಿಯ ಹೊಲ, ಮರದ ಕ್ಯಾಂಪ್ ಹಾಳು ಮಾಡಲು ಸೈನ್ಯ ಕಳಿಸಿ, ತಮ್ಮ ಊರಲ್ಲಿ ಎರಡು ಕಟ್ಟಡ ಬಿದ್ದರೆ ಬೀಳಲಿ ಅಂತ ಬಿಡುತ್ತಾರೆ. ಇಲ್ಲಿ ಹಾಗೆ ಬಿಡಬಾರದು. ಕಟ್ಟುವಾಗಲೇ ಜಾಗ ಯೋಚಿಸಿ. ಆರ್ಥಿಕ ಲ್ಯಾಂಡ್‌ಮಾರ್ಕ್‌ಗಳು ಟಿಸಿಯ ಹಿಂದೆ, ನಕ್ಷೆಯ ಅಂಚಿಗೆ. ಸೈನಿಕ ಲ್ಯಾಂಡ್‌ಮಾರ್ಕ್ ಮುಂದಕ್ಕೆ ಕಟ್ಟಿದರೆ ಹೊಸ ದಳ ಬೇಗ ಯುದ್ಧಕ್ಕೆ ಸೇರುತ್ತದೆ, ಆದರೆ ಯುದ್ಧ ಸೋತ ದಿನ ಅದೇ ಮೊದಲು ಬೀಳುತ್ತದೆ.

ಸೇಕ್ರೆಡ್ ಸೈಟ್: ಸಾಮಾನ್ಯವಾಗಿ ಮೂರು. ಧಾರ್ಮಿಕ ಯೂನಿಟ್ ಹೋಗಿ ಹಿಡಿಯಬೇಕು. ಒಂದೊಂದೂ ನಿಮಿಷಕ್ಕೆ 100 ಚಿನ್ನ ಕೊಡುತ್ತದೆ. ಮೂರನ್ನೂ ಹಿಡಿದರೆ 10 ನಿಮಿಷದ ಗಡುವು ಶುರು, ಅಲ್ಲಿಯವರೆಗೆ ಉಳಿಸಿಕೊಂಡರೆ ಗೆಲುವು. ಹೆಚ್ಚಿನ ಆಟಗಳು ಇದರಿಂದಲೇ ಮುಗಿಯುವುದಿಲ್ಲ, ಆದರೆ ಗೋಡೆ ಕಟ್ಟಿ ಒಳಗೆ ಕೂತವನನ್ನು ಹೊರಗೆಳೆಯುವ ಶಕ್ತಿ ಇದಕ್ಕಿದೆ. 2ರಲ್ಲಿ ಅರೇನಾ ನಕ್ಷೆಯಲ್ಲಿ ನಡೆಯುವಂತೆ ಅರ್ಧ ಗಂಟೆ ಬಾಗಿಲು ಮುಚ್ಚಿ ಕೂರುವುದು ಇಲ್ಲಿ ಆಗದು. ಮೂರನೆಯದು ವಂಡರ್ (ಮಹಾ ಕಟ್ಟಡ ಕಟ್ಟಿ ಗಡುವು ಮುಗಿಯುವವರೆಗೆ ಕಾಯುವುದು), ಅದು ಎರಡೂ ಆಟದಲ್ಲಿ ಗೊತ್ತಿರುವಂಥದ್ದೇ.

ನಾಗರಿಕತೆ ವಿಷಯಕ್ಕೆ ಬಂದರೆ, 2021ರಲ್ಲಿ 4 ಎಂಟು ನಾಗರಿಕತೆಗಳೊಂದಿಗೆ ಬಂತು, ಆಮೇಲೆ ಸೇರುತ್ತಾ ಹೋಗಿವೆ. ಕೋಟೆಬಾಗಿಲು ಅವರು 2ರ ಬಗ್ಗೆ ಹೇಳಿದ್ದು ನಿಜ, ಇಲ್ಲಿ ಒಂದೊಂದರ ನಿಯಮವೇ ಬೇರೆ. ಮಂಗೋಲರಿಗೆ ಮನೆಯೇ ಬೇಡ, ಕಟ್ಟಡ ಮಡಚಿ ಒಯ್ಯುತ್ತಾರೆ, ಗೋಡೆ ಕಟ್ಟಲಾರರು. ಡೆಲ್ಲಿ ಸುಲ್ತಾನೇಟ್‌ಗೆ ಸಂಶೋಧನೆ ಉಚಿತ, ಆದರೆ ನಿಧಾನ, ಮಸೀದಿಯಲ್ಲಿ ವಿದ್ವಾಂಸರನ್ನು ಕೂರಿಸಿದಷ್ಟೂ ವೇಗ. ಚೀನೀಯರಿಗೆ ತೆರಿಗೆ ಎತ್ತುವ ಅಧಿಕಾರಿಗಳು, ಒಂದೇ ಏಜ್‌ನ ಎರಡೂ ಲ್ಯಾಂಡ್‌ಮಾರ್ಕ್ ಕಟ್ಟಿದರೆ ರಾಜವಂಶ ಬದಲಾವಣೆ. 2ರಿಂದ ಬಂದವರು ಈ ಮೂರನ್ನು ಆಮೇಲೆ ಇಟ್ಟುಕೊಳ್ಳಿ, ಯಾಕೆಂದರೆ ಇವುಗಳಲ್ಲಿ ಕಲಿತ ಆರ್ಥಿಕತೆ ಬೇರೆ ಯಾವುದಕ್ಕೂ ಹೊಂದುವುದಿಲ್ಲ.

ಮೊದಲು ಇಂಗ್ಲಿಷ್. ಹೊಲ ಸುಮಾರು ಅರ್ಧ ಬೆಲೆಗೆ, ವಿಲೇಜರ್‌ಗಳ ಕೈಯಲ್ಲೂ ಬಿಲ್ಲು, ಟಿಸಿ ಬಳಿ ಶತ್ರು ಬಂದರೆ ನಿಮ್ಮವರ ಹೊಡೆತದ ವೇಗ ಹೆಚ್ಚುತ್ತದೆ. ರಕ್ಷಣೆ ಸುಲಭ ಆದ್ದರಿಂದ ಲೆಕ್ಕ ಕಲಿಯಲು ಸಮಯ ಸಿಗುತ್ತದೆ. ಕೌನ್ಸಿಲ್ ಹಾಲ್ ಲ್ಯಾಂಡ್‌ಮಾರ್ಕ್ ಲಾಂಗ್‌ಬೋಗಳನ್ನು (ಇಂಗ್ಲಿಷರ ಬಿಲ್ಲುಗಾರರು) ಎರಡು ಪಟ್ಟು ವೇಗವಾಗಿ ತಯಾರಿಸುತ್ತದೆ, ಹಾಗಾಗಿ ನಿಮ್ಮ ಆರ್ಚರ್ ರಷ್ ಅಭ್ಯಾಸಕ್ಕೂ ಹತ್ತಿರ. ಸ್ಕೌಟ್ ರಷ್ ಇಷ್ಟಪಡುವವರಿಗೆ ಎರಡನೆಯದು ಫ್ರೆಂಚ್. ಅವರ ಟಿಸಿಯ ಕೆಲಸ ಏಜ್ ಏರಿದಂತೆ ಚುರುಕಾಗುತ್ತದೆ, ಸ್ಕೂಲ್ ಆಫ್ ಕ್ಯಾವಲ್ರಿ ಲ್ಯಾಂಡ್‌ಮಾರ್ಕ್‌ನಿಂದಲೇ ನೈಟ್ ಹೊರಡುತ್ತದೆ, ಬೇರೆ ಸ್ಟೇಬಲ್‌ಗೆ ಕಾಯಬೇಕಿಲ್ಲ.

ಇಂಗ್ಲಿಷ್‌ನ ಮೊದಲ ಐದು ನಿಮಿಷ ಹೀಗಿರಲಿ. 6 ವಿಲೇಜರ್‌ಗಳಿಂದ ಶುರು, ಟಿಸಿಯಲ್ಲಿ ವಿಲೇಜರ್ ಕ್ಯೂ ಹಾಕಿ, ಆರೂ ಜನ ಕುರಿಗೆ. ಅವರಲ್ಲೇ ಒಬ್ಬ ಮನೆ ಕಟ್ಟಿ ವಾಪಸ್ ಬರಲಿ. ಸ್ಕೌಟ್ ಟಿಸಿ ಸುತ್ತ ಸುರುಳಿಯಾಗಿ ತಿರುಗಿ ಕುರಿಗಳನ್ನು ಬೆನ್ನಿಗೆ ಹಚ್ಚಿಕೊಂಡು ಬರಲಿ. ಇಲ್ಲಿ ಕುರಿಗಳು ಸ್ಕೌಟ್ ಹಿಂದೆಯೇ ನಡೆಯುತ್ತವೆ, ಒಂದೊಂದನ್ನೇ ಆರಿಸಿ ಕಳಿಸಬೇಕಿಲ್ಲ. ಹೊಸದಾಗಿ ಬರುವವರಲ್ಲಿ ಮೊದಲ ಮೂವರು ಚಿನ್ನಕ್ಕೆ, ಮೈನಿಂಗ್ ಕ್ಯಾಂಪ್ ಹಾಕಿ. ಮುಂದಿನ ನಾಲ್ವರು ಮರಕ್ಕೆ, ಕಾಡಿಗೆ ತಾಗಿದಂತೆ ಲಂಬರ್ ಕ್ಯಾಂಪ್. ಆಮೇಲೆ ಬರುವವರು ಬೆರ್ರಿಗೆ ಅಥವಾ ಕುರಿಗೆ, ಆಹಾರ ಎಲ್ಲಿ ಕಡಿಮೆ ಕಾಣುತ್ತದೋ ಅಲ್ಲಿಗೆ. ಟಿಸಿ ಒಂದು ಕ್ಷಣವೂ ನಿಲ್ಲದಿದ್ದರೆ 4ನೇ ನಿಮಿಷಕ್ಕೆ 18 ವಿಲೇಜರ್ ಇರಬೇಕು. ಈ ಒಂದು ಸಂಖ್ಯೆ ನೋಡಿಕೊಳ್ಳಿ: 18 ಇಲ್ಲದಿದ್ದರೆ ಆಹಾರ ಸಾಲದೆ ಟಿಸಿ ನಿಂತಿದೆ, ಅಥವಾ ಮನೆ ತಡವಾಗಿದೆ. ಚಿನ್ನ 200, ಆಹಾರ 400 ಕೂಡಿದ ಕೂಡಲೇ ಚಿನ್ನದ ಮೂವರ ಜೊತೆ ಕುರಿಯ ಬಳಿಯಿಂದ ಒಬ್ಬನನ್ನು ಸೇರಿಸಿ ಕೌನ್ಸಿಲ್ ಹಾಲ್ ಕಟ್ಟಿಸಿ. ಕಟ್ಟಡ ಏಳುತ್ತಿರುವಾಗ ಹೊಸ ವಿಲೇಜರ್‌ಗಳೆಲ್ಲ ಮರಕ್ಕೆ ಹೋಗಲಿ, ಯಾಕೆಂದರೆ ಫ್ಯೂಡಲ್ ಆದ ತಕ್ಷಣ ಬೇಕಾಗುವುದು ಲಾಂಗ್‌ಬೋಗೆ ಮರ, ಬ್ಯಾರಕ್ಸ್‌ಗೆ 150 ಮರ, ಮುಂದಿನ ಮನೆಗೆ 50 ಮರ. ಕಟ್ಟಿ ಮುಗಿಸಿದ ನಾಲ್ವರನ್ನು ಚಿನ್ನಕ್ಕೆ ವಾಪಸ್ ಕಳಿಸಬೇಡಿ, ಇಬ್ಬರು ಮರಕ್ಕೆ, ಇಬ್ಬರು ಬೆರ್ರಿಗೆ. ಲಾಂಗ್‌ಬೋ ಸಾಲಿಗೆ ಬ್ಯಾರಕ್ಸ್‌ನಿಂದ ನಾಲ್ಕು ಸ್ಪಿಯರ್ ಸೇರುವವರೆಗೆ ಎದುರಾಳಿಯ ಊರಿಗೆ ಹೊರಡಬೇಡಿ. ಎರಡು ಹಾರ್ಸ್‌ಮನ್ ಸಾಕು ಬಿಲ್ಲಿನವರನ್ನು ಚೆದುರಿಸಲು.